ಅಂಚೆ ಚದುರಂಗದ ಏಳನೆಯ ನಿಯಮ

ನಮ್ಮೂರು ಬಂಗಾರಪೇಟೆಗೆ ಎರಡು ಮೈಲಿ. ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬೆಳಿಗ್ಗೆ ಜನ ಕ್ಯಾನು, ಚೊಂಬು, ಬಕೆಟ್ಟು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಪ್ರತಿಯೊಬ್ಬರ ಹಾಲಿನಲ್ಲೂ ಗಾಜಿನ ಕಡ್ಡಿ ತೇಲಿಬಿಟ್ಟು ನಾನು ಡಿಗ್ರಿ ನೋಡುತ್ತಿದ್ದೆ. ಡಿಗ್ರಿ ಬರದಿದ್ದರೆ ಹಾಲಿಗೆ ನೀರು ಸೇರಿದೆ ಎಂದರ್ಥ. ಎದುರಿಗೆ ನಿಂತವರು ಸೋದರಮಾವನೇ ಆಗಲಿ, ಒಂದೇ ಬೆಂಚಿನಲ್ಲಿ ಕೂತು ಓದಿದವನೇ ಆಗಲಿ, ವಾಪಸ್ ತಗೊಂಡು ಹೋಗಿ ಎನ್ನಬೇಕು. ಅವರೋ ನೂರೆಂಟು ಕಾರಣ ಹೇಳುತ್ತಿದ್ದರು. ಹಸಿ ಹುಲ್ಲು ಜಾಸ್ತಿ ತಿಂತು, ಮಳೆಯಲ್ಲಿ ನೆನೆಯಿತು, ಕರು ಕಟ್ಟು ಬಿಚ್ಚಿಕೊಂಡಿತು. ಮೂರು ವರ್ಷ ಇದನ್ನೇ ಕೇಳಿದ ಮೇಲೆ ನನ್ನ ಕಣ್ಣೇ ಬದಲಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರವರು ಬಾಯಿಮಾತಿಗೆ ಹೇಳುತ್ತಾರೆ, ನಾನು ಅದರಿಂದಲೇ ಅನ್ನ ಉಣ್ಣುತ್ತಿದ್ದೆ.

"ದೇವ್ರೇ ಪ್ರತ್ಯಕ್ಷ ಆದ್ರೂ ನೀನು ಡಿಗ್ರಿ ನೋಡ್ತೀಯ ಕಣ್ಲಾ" ಎನ್ನುತ್ತಿದ್ದಳು ಅಮ್ಮ. ನನಗೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಚದುರಂಗ ನಾನು ಹೈಸ್ಕೂಲಿನಲ್ಲಿ ಕಲಿತದ್ದು. ಊರಿನಲ್ಲಿ ಜೊತೆಗೆ ಆಡುವವರು ಒಬ್ಬರೂ ಇರಲಿಲ್ಲ. ಒಂದು ದಿನ ಡೈರಿಗೆ ಗಾಜಿನ ಸಾಮಾನು ತರಲು ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದಾಗ, ಮಾರ್ಕೆಟ್ಟಿನ ಹಿಂದೆ ಒಂದು ಸಣ್ಣ ವಾಚನಾಲಯದ ಗೋಡೆಯ ಮೇಲೆ ಕೈಬರಹದ ನೋಟೀಸು ಕಂಡೆ. ಅಂಚೆ ಚದುರಂಗ ಪಂದ್ಯ, ಪಾಳಿ ಕೆಲಸದವರಿಗೂ ಅನುಕೂಲ ಎಂದಿತ್ತು. ಗಣಿಯಲ್ಲಿ ಒಬ್ಬರು ಬೆಳಗಿನ ಪಾಳಿಗೆ ಇಳಿಯುವ ಹೊತ್ತಿಗೆ ಇನ್ನೊಬ್ಬರು ಮಲಗಲು ಹೋಗುತ್ತಿರುತ್ತಾರೆ. ಇಬ್ಬರನ್ನೂ ಒಂದು ಹಲಗೆಯ ಮುಂದೆ ಕೂರಿಸುವುದು ಆಗದ ಮಾತು. ಆದ್ದರಿಂದ ಪೋಸ್ಟ್ ಕಾರ್ಡಿನಲ್ಲಿ ಆಟ. ನಾನೊಂದು ನಡೆ ಬರೆದು ಕಳಿಸಿದರೆ ಅವರೊಂದು ನಡೆ ಬರೆದು ಕಳಿಸಬೇಕು. ಒಂದು ಆಟ ಮುಗಿಯಲು ಆರೇಳು ತಿಂಗಳು ಬೇಕು. ಯುಗಾದಿಯಿಂದ ಯುಗಾದಿಗೆ ಒಂದು ಪಂದ್ಯಾವಳಿ.

ಅಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಭಾಷೆಯವರು ಇದ್ದುದರಿಂದ ನಡೆಗಳನ್ನು ಅಂಕಿಗಳಲ್ಲೇ ಬರೆಯಬೇಕಿತ್ತು. ಹಲಗೆಯ ಅಡ್ಡ ಎಂಟು ಮನೆ, ಉದ್ದ ಎಂಟು ಮನೆ. 5254 ಎಂದರೆ ಐದನೇ ಸಾಲಿನ ಎರಡನೇ ಮನೆಯಲ್ಲಿರುವ ಕಾಯಿ ಅದೇ ಸಾಲಿನ ನಾಲ್ಕನೇ ಮನೆಗೆ ಬಂತು ಎಂದು. ಕಾರ್ಡಿನ ಮೇಲೆ ಆ ನಾಲ್ಕು ಅಂಕಿ, ಎದುರಾಳಿಯ ಕಾರ್ಡು ತಲುಪಿದ ತಾರೀಖು, ಉತ್ತರ ಬರೆದ ತಾರೀಖು, ಕೆಳಗೆ ನಮ್ಮ ಸದಸ್ಯ ಸಂಖ್ಯೆ, ಇಷ್ಟೇ. ಉತ್ತರ ಬರೆಯಲು ಮೂರು ದಿನ. ತಾರೀಖುಗಳನ್ನು ಆಟಗಾರನೇ ಬರೆಯುತ್ತಿದ್ದ, ಬರೆದದ್ದನ್ನು ಎಲ್ಲರೂ ನಂಬುತ್ತಿದ್ದರು. ಇದನ್ನೆಲ್ಲ ನೋಡಿಕೊಳ್ಳಲು ನಿವೃತ್ತ ಲೆಕ್ಕದ ಮೇಷ್ಟರೊಬ್ಬರು ತೀರ್ಪುಗಾರರಾಗಿದ್ದರು.

ಮೊದಲ ವರ್ಷವೇ ನನಗೆ ಸರಿಯಾದ ಪಾಠವಾಯಿತು. ಊರಿಗಾಂನ ಒಬ್ಬರ ಮೇಲೆ ನಾನು ಗೆಲ್ಲುವ ಆಟ ಆಡುತ್ತಿದ್ದೆ. ಒಂದು ಆನೆ, ಒಂದು ಕುದುರೆ ಹೆಚ್ಚಿಗೆ ಇತ್ತು. ಅವರಿಂದ ಕಾರ್ಡು ಬರುವುದೇ ನಿಂತಿತು. ಕೇಳಿದರೆ, ನಿಮ್ಮ ಕಾರ್ಡು ಕೈಸೇರಿಲ್ಲ, ಇನ್ನೊಮ್ಮೆ ಕಳಿಸಿ ಎಂದರು. ಕಳಿಸಿದೆ. ಅದೂ ಸೇರಿಲ್ಲ ಎಂದರು. ಮೂರನೆಯದೂ ಸೇರಲಿಲ್ಲವಂತೆ. ಹೀಗೇ ಯುಗಾದಿ ಬಂತು, ಮುಗಿಯದ ಆಟವೆಂದು ಇಬ್ಬರಿಗೂ ಸಮ ಹಂಚಿದರು. ವರ್ಷದ ಸಭೆಯಲ್ಲಿ ಆ ಮನುಷ್ಯ ನನ್ನ ಕೈ ಕುಲುಕಿ, "ಏನ್ ಮಾಡಾದು ಸಾರ್, ಪೋಸ್ಟಾಫೀಸು ಅಂಗಿದೆ" ಎಂದು ನಕ್ಕರು. ನನ್ನ ಮೈ ಉರಿದುಹೋಯಿತು. ಅವರ ಮೂರು ಕಾರ್ಡುಗಳೂ ನನಗೆ ಸರಿಯಾಗಿ ಸೇರಿದ್ದವು, ನನ್ನ ಮೂರೇ ಹೇಗೆ ದಾರಿ ತಪ್ಪಿದವು?

ಆ ಸಿಟ್ಟಿನಲ್ಲಿ ನಾನು ಒಂದು ನಿಯಮ ಬರೆದೆ. ಆರು ನಿಯಮ ಮೊದಲೇ ಇದ್ದವು, ಇದು ಏಳನೆಯದು. 'ಕಾರ್ಡು ತಲುಪಿದ ಮೂರು ದಿನದೊಳಗೆ ಉತ್ತರ ಅಂಚೆಗೆ ಬೀಳತಕ್ಕದ್ದು. ತಾರೀಖಿಗೆ ಅಂಚೆಯ ಮುದ್ರೆಯೇ ಪ್ರಮಾಣ. ಹದಿನೈದು ದಿನ ಉತ್ತರ ಬಾರದಿದ್ದರೆ ತೀರ್ಪುಗಾರರಿಗೆ ರಿಜಿಸ್ಟರ್ ಪತ್ರದಲ್ಲಿ ದೂರು ಕೊಡತಕ್ಕದ್ದು. ಆ ಆಟ ಸುಮ್ಮನಿದ್ದವರಿಗೆ ಸೋಲು. ಯಾವ ಕಾರಣವನ್ನೂ ಕೇಳತಕ್ಕದ್ದಲ್ಲ.'

ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡು, "ಕೊನೇ ಸಾಲು ಬೇಕೇನಪ್ಪಾ?" ಎಂದರು.

"ಆ ಸಾಲಿಗೋಸ್ಕರಾನೇ ಮಿಕ್ಕಿದ್ದು ಬರೆದಿರೋದು ಸಾರ್" ಎಂದೆ.

ಸಭೆಯಲ್ಲಿ ಯಾರೂ ವಿರೋಧ ಮಾಡಲಿಲ್ಲ. ಒಂದು ಕಾರ್ಡು ಮಾತ್ರ ಬಂದಿತ್ತು, ಮೇಷ್ಟರು ಅದನ್ನು ಓದಿದರು. ಬರೆದವರು ಗಣಿಯ ಪಕ್ಕದ ಕೋರಮಂಡಲ್‌ನ ಒಬ್ಬ ಸದಸ್ಯರು. 'ಪಾಳಿ ಇರುವುದರಿಂದ ಬರಲಾಗುತ್ತಿಲ್ಲ. ಆಟಗಾರ ಬರೆದ ತಾರೀಖನ್ನು ನಂಬುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಾರಣ ಇದ್ದರೆ ಕೇಳಬೇಕು.' ನಾನು ಎಲ್ಲರಿಗೂ ಕೇಳುವ ಹಾಗೆ, "ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ಕೊಂಡ್ರಂತೆ" ಎಂದೆ. ಎಲ್ಲರೂ ನಕ್ಕರು, ಏಳನೆಯ ನಿಯಮ ಪಾಸಾಯಿತು. ಆ ಸದಸ್ಯರ ಮುಖವನ್ನೇ ನಾನು ನೋಡಿರಲಿಲ್ಲ. ಆದರೂ ಅವರ ಸಂಖ್ಯೆ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಎರಡನೇ ವರ್ಷ ಕೊನೆಯ ಸುತ್ತಿನಲ್ಲಿ ನನಗೆ ಜೋಡಿಯಾದವರು ಅವರೇ. ಅದನ್ನು ಗೆದ್ದರೆ ಇಡೀ ಪಂದ್ಯಾವಳಿ ನನ್ನದು. ಅವರು ಚಿನ್ನದ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ ಎಂದು ಮೇಷ್ಟರು ಹೇಳಿದ್ದರು. ಗಣಿಯಿಂದ ಬಂದ ಕಲ್ಲನ್ನು ಪುಡಿ ಮಾಡಿ ಚಿನ್ನ ಬೇರೆ ಮಾಡುವ ಜಾಗ ಅದು. ಅಷ್ಟು ಬಿಟ್ಟರೆ ಅವರ ಬಗ್ಗೆ ನನಗೇನೂ ತಿಳಿಯದು.

ಅವರ ಕಾರ್ಡುಗಳು ಬಹಳ ಅಚ್ಚುಕಟ್ಟು. ಅಂಕಿಗಳನ್ನು ಅಚ್ಚಿನ ಹಾಗೆ ಬರೆಯುತ್ತಿದ್ದರು. ಅದೇ ನನಗೆ ಮೊದಲ ಅನುಮಾನ. ದಿನವೆಲ್ಲ ಕಲ್ಲುಪುಡಿಯಲ್ಲಿ ಕೆಲಸ ಮಾಡುವವರ ಕೈ ಹೀಗೆ ಬರೆಯುತ್ತದೆಯೇ? ಬೇರೆ ಯಾರೋ ಬುದ್ಧಿವಂತರು ಹಿಂದೆ ಕೂತು ಆಡಿಸುತ್ತಿರಬಹುದು. ಒಮ್ಮೆ ನೀಲಿ ಶಾಯಿ ಹೋಗಿ ಹಸಿರು ಶಾಯಿ ಬಂತು. ಹಸಿರು ಶಾಯಿಯಲ್ಲಿ ಬರೆಯುವವರು ಆಫೀಸರುಗಳು. ಆ ನಡೆಯೂ ಚೆನ್ನಾಗಿತ್ತು. ಎರಡು ದಿನ ನಾನು ಅದನ್ನೇ ಮೆಲುಕು ಹಾಕಿದೆ.

ಆಮೇಲೆ ತಾರೀಖಿನ ವಿಷಯ ಕಣ್ಣಿಗೆ ಬಿತ್ತು. ಅವರು ಸೋಮವಾರ ಉತ್ತರಿಸಿದ್ದೇನೆ ಎಂದು ಬರೆದಿದ್ದರೆ ಅಂಚೆಯ ಮುದ್ರೆ ಮಂಗಳವಾರದ್ದು. ಗುರುವಾರ ಎಂದು ಬರೆದಿದ್ದರೆ ಮುದ್ರೆ ಶುಕ್ರವಾರದ್ದು. ಒಮ್ಮೊಮ್ಮೆ ಎರಡು ದಿನದ ವ್ಯತ್ಯಾಸ. ಇಷ್ಟು ಸಲ ಹೇಗೆ ತಪ್ಪುತ್ತದೆ? ಮುದ್ರೆ ಮಸುಕಾಗಿದ್ದರೆ ಬಿಸಿಲಿಗೆ ಹಿಡಿದು, ಡೈರಿಯ ಭೂತಗನ್ನಡಿ ಇಟ್ಟು ಓದುತ್ತಿದ್ದೆ. ಒಂದು ನೋಟುಬುಕ್ಕಿನಲ್ಲಿ ಎಡಕ್ಕೆ ಅವರ ತಾರೀಖು, ಬಲಕ್ಕೆ ಮುದ್ರೆಯ ತಾರೀಖು ಬರೆದಿಟ್ಟೆ. ಹನ್ನೊಂದು ಕಾರ್ಡುಗಳಲ್ಲಿ ಸುಳ್ಳು ಸಿಕ್ಕಿತು. ಮೂರು ದಿನದ ಗಡುವನ್ನು ಅವರು ಒಮ್ಮೆಯೂ ದಾಟಿರಲಿಲ್ಲ ನಿಜ. ಗಡುವು ದಾಟದಿದ್ದರೂ ಸುಳ್ಳು ಹೇಳುವವನು ದಾಟಬೇಕಾದಾಗ ಇನ್ನೆಷ್ಟು ಹೇಳಿಯಾನು ಎಂದು ನನ್ನ ಲೆಕ್ಕ.

"ಯಾರ್ಲಾ ಅದು, ಇಷ್ಟು ದಿಟ್ಟಿಸಿ ನೋಡ್ತೀಯ? ಎಣ್ಣು ನೋಡೋಕೆ ಓದಾಗ್ಲೂ ನೀನು ಇಷ್ಟು ನೋಡ್ಲಿಲ್ಲ" ಎಂದಳು ಅಮ್ಮ. ಅವರ ಊರು ಕೋರಮಂಡಲ್ ಎಂದು ಹೇಳಿದೆ. "ಇಲ್ಲೇ ತಾನೇ? ರೈಲಿಗೆ ಓಗಿ ಮಾತಾಡ್ಸ್ಕೊಂಡು ಬಾ" ಎಂದಳು. ಆಟ ಮುಗಿಯುವ ತನಕ ಎದುರಾಳಿಯ ಮುಖ ನೋಡಬಾರದು ಎಂದು ನಾನೇ ಒಂದು ಕಟ್ಟು ಮಾಡಿಕೊಂಡಿದ್ದೆ. ಮುಖ ನೋಡಿದರೆ ಕಾಫಿ ಕುಡಿಸುತ್ತಾರೆ, ಕಾಫಿ ಕುಡಿದರೆ ದಾಕ್ಷಿಣ್ಯ ಬರುತ್ತದೆ. ಡೈರಿಯಲ್ಲಿ ನಾನು ಯಾರ ಮನೆಯ ಕಾಫಿಯನ್ನೂ ಕುಡಿಯುತ್ತಿರಲಿಲ್ಲ.

ಮೂವತ್ತೊಂದನೇ ನಡೆಗೆ ಅವರ ಆನೆ ನನ್ನ ಕೈಗೆ ಬಂತು. ಅಲ್ಲಿಗೆ ಆಟ ನನ್ನದು ಎಂದು ಯಾರು ನೋಡಿದರೂ ಹೇಳಬಹುದಿತ್ತು. ಕಾರ್ಡು ಹಾಕಿ ಕಾದೆ. ಉತ್ತರ ಬರಲಿಲ್ಲ. ಒಂದು ವಾರವಾಯಿತು. ನಾನು ಅಂದುಕೊಂಡದ್ದೇ ಆಯಿತಲ್ಲ ಎಂದು ಒಳಗೊಳಗೇ ಒಂದು ಖುಷಿ. ಹೌದು, ಖುಷಿಯೇ. ಅನುಮಾನ ನಿಜವಾದಾಗ ಆಗುವ ಖುಷಿ ಗೆದ್ದಾಗಲೂ ಆಗುವುದಿಲ್ಲ.

ಊರಿಗೆ ಟಪಾಲು ತರುವವನನ್ನು ಹಿಡಿದು ಕೇಳಿದೆ. ಅವನು ಚೀಲವನ್ನೇ ನನ್ನ ಮುಂದೆ ಕೊಡವಿದ. "ನೋಡ್ಕಣಣ್ಣೋ, ನಿನ್ ಕಾರ್ಡು ನಾನ್ ತಿಂತೀನಾ?" ಎಂದ. ಅವನ ಮೇಲೂ ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಬಂಗಾರಪೇಟೆಯ ಪೋಸ್ಟಾಫೀಸಿಗೆ ಹೋಗಿ ಕಿಟಕಿಯಲ್ಲಿ ವಿಚಾರಿಸಿದೆ. ಎಲ್ಲರಿಗೂ ಎಲ್ಲ ಕಾರ್ಡೂ ಬರುತ್ತಿವೆ, ನನ್ನದೊಂದು ಬರುತ್ತಿಲ್ಲ.

ಅದೇ ವಾರ ಡೈರಿಗೆ ಒಬ್ಬ ಅಪರಿಚಿತ ಬಂದ. ಬಿಳಿ ಷರಟು, ಬೂಟು. ಎಮ್ಮೆ ಕೊಳ್ಳಬೇಕು ಎಂದ. ಹಟ್ಟಿಗೆ ಕರೆದುಕೊಂಡು ಹೋಗಿ ತೋರಿಸಿದರೆ ಎಮ್ಮೆಯ ಬಾಯಿ ಬಿಡಿಸಿ ಹಲ್ಲು ನೋಡಲಿಲ್ಲ, ಕೆಚ್ಚಲು ಮುಟ್ಟಲಿಲ್ಲ. ಬದಲಿಗೆ ನನ್ನನ್ನೇ ಕೇಳತೊಡಗಿದ. ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಟೌನಿನಲ್ಲಿ ಯಾರು ಪರಿಚಯ, ಕಾಗದ ಪತ್ರ ಯಾರಿಗೆ ಬರೆಯುತ್ತೀರಿ. ಹಾಲಿನ ಇಲಾಖೆಯವರು ನನ್ನನ್ನು ಪರೀಕ್ಷೆ ಮಾಡಲು ಕಳಿಸಿದ ಮನುಷ್ಯ ಎಂದು ತಿಳಿದು ನಾನೂ ಹುಷಾರಾಗಿ ಅರ್ಧಂಬರ್ಧ ಉತ್ತರ ಕೊಟ್ಟೆ.

ಹದಿನೈದನೇ ದಿನ ಬೆಳಿಗ್ಗೆ ಹಾಲಿನ ಕೆಲಸ ಮುಗಿಸಿ ಕೂತು ದೂರು ಬರೆದೆ. ಹನ್ನೊಂದು ಕಾರ್ಡುಗಳ ತಾರೀಖಿನ ಪಟ್ಟಿ ಲಗತ್ತಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದೆ: 'ಈ ಸದಸ್ಯರು ತಾರೀಖುಗಳನ್ನು ಸುಳ್ಳು ಬರೆಯುವ ಸ್ವಭಾವದವರು. ಇವರ ಮಾತಿಗೆ ಬೆಲೆ ಕೊಡತಕ್ಕದ್ದಲ್ಲ.' ರಿಜಿಸ್ಟರ್ ಮಾಡಿ ರಸೀದಿ ಜೇಬಿಗೆ ಹಾಕಿಕೊಂಡು ಬಂದೆ. ನಾಲ್ಕು ದಿನಕ್ಕೆ ಮೇಷ್ಟರ ತೀರ್ಪು ಬಂತು. ಏಳನೆಯ ನಿಯಮದ ಪ್ರಕಾರ ಆಟ ನನ್ನದು, ಪಂದ್ಯಾವಳಿಯೂ ನನ್ನದು.

ಅಮ್ಮನಿಗೆ ಹೇಳಿದೆ. "ಗೆದ್ದೇನ್ಲಾ? ಅವ್ನು ಆಡ್ದೇನೇ ಇದ್ರೆ ಎಂಗ್ಲಾ ಗೆದ್ದೆ?" ಎಂದಳು. ಅವಳಿಗೆ ಚದುರಂಗ ತಿಳಿಯದು ಎಂದುಕೊಂಡೆ.

ಮತ್ತೊಂದು ವಾರಕ್ಕೆ ಮೇಷ್ಟರಿಂದ ಇನ್ನೊಂದು ಕಾರ್ಡು. 'ಕೂಡಲೇ ಬಂದು ಕಾಣುವುದು.' ಬಹುಮಾನದ ಕಪ್ಪಿನ ಮೇಲೆ ಹೆಸರು ಕೆತ್ತಿಸುವ ವಿಷಯ ಇರಬೇಕೆಂದು ಒಳ್ಳೆಯ ಷರಟು ಹಾಕಿಕೊಂಡೇ ಹೋದೆ. ಮೇಷ್ಟರು ನನ್ನನ್ನು ಕೂರಲು ಹೇಳಲಿಲ್ಲ.

"ಅವರನ್ನ ಮಿಲ್ಲಿನ ಒಳಗೆ ಬಿಡ್ತಿಲ್ಲ, ಗೊತ್ತಾ?" ಎಂದರು.

ಅವರು ಹೇಳಿದ ಸಂಗತಿ ಇಷ್ಟು. ಮಿಲ್ಲಿನವರು ಒಳಗೆ ಹೋಗುವಾಗ ತಮ್ಮ ಬಟ್ಟೆ ಬಿಚ್ಚಿಟ್ಟು ಕೆಲಸದ ಬಟ್ಟೆ ಹಾಕಿಕೊಳ್ಳಬೇಕು. ಹೊರಗೆ ಬರುವಾಗ ಮೈಯೆಲ್ಲ ತಪಾಸಣೆ. ಒಂದು ದಿನ ಹೊಸದಾಗಿ ಬಂದ ಕಾವಲುಗಾರನೊಬ್ಬ ಬಿಚ್ಚಿಟ್ಟ ಬಟ್ಟೆಗಳನ್ನೂ ತಡಕಿದ. ಇವರ ಷರಟಿನ ಜೇಬಿನಲ್ಲಿ ಒಂದು ಪೋಸ್ಟ್ ಕಾರ್ಡು ಸಿಕ್ಕಿತು. ಅದರಲ್ಲಿ 6546 ಎಂಬ ಅಂಕಿ, ಎರಡು ತಾರೀಖು, ಹೆಸರಿಲ್ಲದ ಒಂದು ಸಂಖ್ಯೆ, ಬಂಗಾರಪೇಟೆಯ ವಿಳಾಸ. ಗಣಿಯ ಊರಿನಲ್ಲಿ ಕದ್ದ ಚಿನ್ನ ಹೊರಗೆ ಹೋಗುವುದಿದ್ದರೆ ಬಂಗಾರಪೇಟೆ ಜಂಕ್ಷನ್ನಿನ ಮೇಲೆಯೇ ಹೋಗಬೇಕು, ಚಿಕ್ಕ ಮಕ್ಕಳಿಗೂ ಗೊತ್ತು. ಗಣಿಯವರು ಇರಲು ಕೊಟ್ಟ ಲೈನಿನ ಮನೆಗೆ ಹೋಗಿ ಹುಡುಕಿದಾಗ ಇಂಥವೇ ಮೂವತ್ತೊಂದು ಕಾರ್ಡಿನ ಕಟ್ಟು ಸಿಕ್ಕಿತು. ಎಲ್ಲದರ ಮೇಲೂ ಬಂಗಾರಪೇಟೆಯ ಮುದ್ರೆ. ಬರೆದವನು ನಾನು.

"ಬಂಗಾರಪೇಟೆಗೆ ಒಂದಕ್ಷರ ಬರೆಯಕೂಡದು ಅಂತ ತಾಕೀತು ಮಾಡಿದ್ದಾರೆ. ಅದಕ್ಕೇ ನಿಮಗೆ ಕಾರ್ಡು ಬರಲಿಲ್ಲ. ನಿಮ್ಮ ಡೈರಿಗೂ ಒಬ್ಬರು ಬಂದು ನೋಡಿಕೊಂಡು ಹೋದರಂತೆ" ಎಂದರು ಮೇಷ್ಟರು.

ಹಲ್ಲು ನೋಡದೆ ಎಮ್ಮೆ ಕೊಳ್ಳಲು ಬಂದವನು ಆಗ ನೆನಪಾದ.

"ಇದೆಲ್ಲ ಆಟ ಅಂತ ನೀವು ಹೇಳಲಿಲ್ಲವಾ ಸಾರ್?"

"ಹೇಳಿದೆ. ಗಣಿಯ ಕಾವಲು ಆಫೀಸಿನವರು ಇಲ್ಲಿಗೇ ಬಂದಿದ್ದರು. ಆಟ ಇರೋದು ಅವರೂ ಒಪ್ಪಿದರು. ಆಟದ ನೆಪದಲ್ಲಿ ಬೇರೆ ಏನಾದರೂ ನಡೀತಿರಬಹುದಲ್ಲ, ಈ ಮನುಷ್ಯನ ಮಾತು ನಂಬಬಹುದಾ ಅಂತ ಕೇಳಿದರು. ಫೈಲು ಕೊಡಿ ಅಂದರು, ಕೊಟ್ಟೆ. ಮೇಲುಗಡೆಯೇ ನಿಮ್ಮ ದೂರು ಇತ್ತು. ಆ ಕೊನೇ ಸಾಲನ್ನ ಬರೆದುಕೊಂಡು ಹೋದರು."

ಗುರುವಾರ ವಿಚಾರಣೆ. ತೆಗೆದುಹಾಕಿದರೆ ಕೆಲಸವೂ ಹೋಯಿತು, ಲೈನಿನ ಮನೆಯನ್ನೂ ಬಿಡಬೇಕು. ಇಷ್ಟನ್ನು ಕೇಳಿದಾಗ ನನ್ನ ತಲೆಗೆ ಮೊದಲು ಬಂದದ್ದೇನು ಎಂದು ಇವತ್ತು ಮುಚ್ಚಿಡುವುದಿಲ್ಲ. ಅಕಸ್ಮಾತ್ ಅವರು ನಿಜವಾಗಿಯೂ ಕದ್ದಿದ್ದರೆ? ನನ್ನ ಕಾರ್ಡುಗಳನ್ನು ಮರೆಯಾಗಿ ಬಳಸಿಕೊಂಡಿದ್ದರೆ? ಹಸಿರು ಶಾಯಿ ಯಾರದು? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರಲ್ಲ, ಆ ಕಣ್ಣು ಒಂದು ದಿನಕ್ಕೆ ವಾಸಿಯಾಗುವುದಿಲ್ಲ. ಎರಡನೆಯದಾಗಿ ಬಂದದ್ದು ಹೆದರಿಕೆ. ನಾನು ಹೋದರೆ ನನ್ನನ್ನೂ ಕೂರಿಸಿಕೊಂಡರೆ? ಆ ಮೂವತ್ತೊಂದು ಕಾರ್ಡಿನ ಹೆಸರಿಲ್ಲದ ಸಂಖ್ಯೆ ನಾನೇ ತಾನೇ? ಮನೆಗೆ ಬಂದು ಊಟ ಮಾಡದೆ ಮಲಗಿದೆ.

ಅಮ್ಮ ಬಿಡಲಿಲ್ಲ, ಎಲ್ಲ ಹೇಳಿಸಿಕೊಂಡಳು. ಕೊನೆಗೆ, "ಅವ್ನು ಕಳ್ನೋ ಸುಬ್ಗನೋ ನಂಗೊತ್ತಿಲ್ಲ. ಅವ್ನು ಸುಳ್ಳ ಅಂತ ಬರ್ದಿದ್ದು ನೀನು ತಾನೆ? ಓಗು, ನೀನೇ ಓಗಿ ಅಳಿಸ್ಬುಟ್ಟು ಬಾ" ಎಂದಳು.

ಗುರುವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೋರಮಂಡಲ್‌ನಲ್ಲಿ ಇಳಿದೆ. ಕೈಯಲ್ಲಿ ಚದುರಂಗದ ಹಲಗೆ, ಅವರ ಕಾರ್ಡುಗಳು, ನನ್ನ ನೋಟುಬುಕ್ಕು. ಕಾವಲು ಆಫೀಸಿನ ಬಾಗಿಲಲ್ಲಿ ನನ್ನನ್ನು ತಡಕಿದರು. ಕಾಯಿಗಳ ಡಬ್ಬಿ ಬಿಚ್ಚಿಸಿ ಒಂದೊಂದು ಕಾಯಿಯನ್ನೂ ತಿರುಗಿಸಿ ತಳ ನೋಡಿದರು. ಚಪ್ಪಲಿ ಬಿಡಿಸಿ ಅದನ್ನೂ ಬಗ್ಗಿಸಿದರು. ಎರಡು ನಿಮಿಷವೂ ಹಿಡಿಯಲಿಲ್ಲ, ಆದರೆ ನನ್ನ ಕಿವಿ ಬಿಸಿಯಾಗಿಹೋಯಿತು.

ಒಳಗೆ ಮೇಷ್ಟರು ಆಗಲೇ ಬಂದು ಕೂತಿದ್ದರು. ಪಕ್ಕದ ಬೆಂಚಿನ ಮೇಲೆ ನಲವತ್ತು ದಾಟಿದ ಒಬ್ಬರು, ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಷರಟು. ಕೈಗಳನ್ನು ತೊಡೆಯ ಮೇಲೆ ಅಂಗೈ ಕಾಣುವ ಹಾಗೆ ಬಿಡಿಸಿಟ್ಟುಕೊಂಡಿದ್ದರು. ಅವರೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನನ್ನು ನೋಡಿ ತಲೆ ಬಾಗಿಸಿದರು.

ಆಫೀಸರು ವಯಸ್ಸಾದವರು, ಮಾತು ಕಡಿಮೆ. ನನ್ನ ಹಲಗೆಯನ್ನು ನನಗೇ ಕೊಟ್ಟು, ಮೇಷ್ಟರು ತಂದ ಹಲಗೆಯನ್ನು ನನ್ನ ಎದುರಾಳಿಗೆ ಕೊಟ್ಟು, ಅವರನ್ನು ಪಕ್ಕದ ಕೋಣೆಗೆ ಕಳಿಸಿದರು. ಕಾರ್ಡುಗಳನ್ನೆಲ್ಲ ತಮ್ಮ ಬಳಿ ಇಟ್ಟುಕೊಂಡರು. "ಇದು ಬರೀ ಆಟವೇ ಆಗಿದ್ದರೆ, ಆಟ ಎಲ್ಲಿಗೆ ಬಂದು ನಿಂತಿದೆ ಅಂತ ಇಬ್ಬರಿಗೂ ಗೊತ್ತಿರಬೇಕು. ಕಾಯಿ ಜೋಡಿಸಿ" ಎಂದರು. ನಾನು ಜೋಡಿಸಿದೆ. ಒಂದು ಕಾಯಿಯೂ ತಪ್ಪಲಿಲ್ಲ, ಆ ಆಟ ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಆಫೀಸರು ಎದ್ದು ಹೋಗಿ ಆ ಕೋಣೆಯ ಹಲಗೆ ನೋಡಿದರು, ಬಂದು ನನ್ನದು ನೋಡಿದರು, ಮತ್ತೆ ಹೋದರು. ಒಂದೊಂದು ಕಾಯಿಗೂ ಬೆರಳು ಮಡಿಸಿದರು. ಎರಡೂ ಹಲಗೆ ಒಂದೇ ಇದ್ದವು.

ಆಮೇಲೆ ಜೇಬಿನಲ್ಲಿ ಸಿಕ್ಕಿದ್ದ ಕಾರ್ಡನ್ನು ನನ್ನ ಮುಂದೆ ಇಟ್ಟರು. "6546. ಇದೇನು?"

ಆರನೇ ಸಾಲಿನ ಐದನೇ ಮನೆಯಲ್ಲಿ ಅವರ ಕುದುರೆ ನಿಂತಿತ್ತು. ಅದನ್ನು ಎತ್ತಿ ನಾಲ್ಕನೇ ಸಾಲಿನ ಆರನೇ ಮನೆಗೆ ಇಟ್ಟೆ. ಸರಿಯಾದ ನಡೆ. ಸೋಲುವ ಆಟದಲ್ಲಿ ಇದ್ದುದರಲ್ಲೇ ಒಳ್ಳೆಯ ನಡೆ. ಇಟ್ಟ ಮೇಲೆ ಕಾರ್ಡಿನ ತಾರೀಖು ಓದಿದೆ. ನನ್ನ ಕಾರ್ಡು ತಲುಪಿದ ದಿನವೇ ಅವರು ಉತ್ತರ ಬರೆದಿದ್ದರು. ಹದಿನೈದು ದಿನ ನಾನು ಎಣಿಸುತ್ತ ಕೂತಿದ್ದಾಗ ಆ ಉತ್ತರ ಈ ಮೇಜಿನ ಡ್ರಾಯರಿನಲ್ಲಿತ್ತು.

ಅವರನ್ನು ಒಳಗೆ ಕರೆಸಿ ಆಫೀಸರು ನನ್ನ ದೂರನ್ನು ತೆಗೆದರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. ನನ್ನ ಎದುರಾಳಿ ಅದನ್ನು ಮೊದಲ ಸಲ ಕೇಳುತ್ತಿದ್ದರು ಎಂದು ಅವರ ಮುಖ ನೋಡಿ ಗೊತ್ತಾಯಿತು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

"ನೀವು ತಾರೀಖು ಸುಳ್ಳು ಬರೀತೀರಾ?" ಎಂದು ಆಫೀಸರು ಅವರನ್ನು ಕೇಳಿದರು.

"ಇಲ್ಲ ಸಾರ್. ಪಾಳಿಗೆ ಬರೋ ಮುಂಚೆ ಕಾರ್ಡು ಬರೆದು ಜೇಬಲ್ಲಿ ಇಟ್ಕೊತೀನಿ. ಕೆಲಸ ಮಾಡ್ತಾ ಮಾಡ್ತಾ ಆ ನಡೆ ಸರಿನಾ ಅಂತ ಮನಸಲ್ಲೇ ನೋಡ್ಕೊತಾ ಇರ್ತೀನಿ. ತಪ್ಪಿದ್ರೆ ಹರಿದಾಕಿ ಬೇರೆ ಬರೀತೀನಿ. ಸರಿ ಇದ್ರೆ ಹೊರಗೆ ಬಂದ ಮೇಲೆ ಡಬ್ಬಿಗೆ ಹಾಕ್ತೀನಿ. ಮಧ್ಯಾಹ್ನದ ಪಾಳಿ ಇದ್ರೆ ಅಷ್ಟೊತ್ತಿಗೆ ಟಪಾಲು ತೆಗೆದುಕೊಂಡು ಹೋಗಿರ್ತಾರೆ. ಮುದ್ರೆ ಮಾರನೇ ದಿನಾನೇ ಬೀಳೋದು. ಭಾನುವಾರ ಅಡ್ಡ ಬಂದ್ರೆ ಎರಡು ದಿನ."

"ಹಸಿರು ಶಾಯಿ?" ಎಂದು ನಾನು ಕೇಳಿಬಿಟ್ಟೆ. ಅಲ್ಲಿ, ಆ ಹೊತ್ತಿನಲ್ಲಿ ನನ್ನ ಬಾಯಿಂದ ಅದು ಹೇಗೆ ಬಂತೋ.

ಅವರು ನನ್ನ ಕಡೆ ತಿರುಗಿದರು. "ಪೆನ್ನು ಲೀಕಾಗ್ತಿತ್ತು ಸಾರ್. ಹಾಜರಿ ಹಾಕೋ ಟೈಮಾಫೀಸಲ್ಲಿ ಕೇಳಿ ಇಸ್ಕೊಂಡೆ."

ಮೇಷ್ಟರು ಬೇರೆ ಕಡೆ ನೋಡಿದರು. ನೋಟುಬುಕ್ಕು ತೆರೆದೆ. ಹನ್ನೊಂದು ಕಾರ್ಡಿನ ಎಡ ಬಲ ತಾರೀಖುಗಳು. ಅಂಚೆ ಡಬ್ಬಿಯಿಂದ ಟಪಾಲು ತೆಗೆಯಲು ಒಂದು ಹೊತ್ತು ಇರುತ್ತದೆ ಎನ್ನುವುದು ನನ್ನ ತಲೆಗೆ ಹನ್ನೊಂದು ಸಲವೂ ಹೊಳೆದಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ದಿನಾ ಡೈರಿಯಲ್ಲಿ ಬೇರೆಯವರಿಗೆ ಉಪದೇಶ ಮಾಡುತ್ತಿದ್ದವನು ನಾನು. "ತಪ್ಪು ನನ್ನದು ಸಾರ್. ಇವರು ಒಂದು ತಾರೀಖನ್ನೂ ಸುಳ್ಳು ಬರೆದಿಲ್ಲ" ಎಂದೆ. ಆಫೀಸರು ಬಿಳಿ ಹಾಳೆ ಕೊಟ್ಟು ಅದನ್ನೇ ಬರೆಸಿ ಸಹಿ ಹಾಕಿಸಿಕೊಂಡರು.

ಅವರ ಕೆಲಸ ಉಳಿಯಿತು, ಮನೆ ಉಳಿಯಿತು, ಬಂಗಾರಪೇಟೆಗೆ ಬರೆಯಕೂಡದೆಂಬ ತಾಕೀತೂ ಹೋಯಿತು. ಆದರೆ ಮಿಲ್ಲಿಗೆ ಮಾತ್ರ ವಾಪಸ್ ಕಳಿಸಲಿಲ್ಲ. ಒಮ್ಮೆ ಅನುಮಾನಕ್ಕೆ ಬಂದವರನ್ನು ಚಿನ್ನದ ಹತ್ತಿರ ಇಡುವ ಪದ್ಧತಿ ಇಲ್ಲ ಎಂದರು ಆಫೀಸರು. ಸೋಮವಾರದಿಂದ ಮರದ ಯಾರ್ಡಿಗೆ. ಅವರು "ಸರಿ ಸಾರ್" ಎಂದು ಎದ್ದರು. ಹದಿನೆಂಟು ವರ್ಷದ ಕೆಲಸ ಬದಲಾದದ್ದಕ್ಕೆ ಅವರು ಅಂದದ್ದು ಅಷ್ಟೇ.

ಹೊರಗೆ ಬಂದ ಮೇಲೆ ನಾನು ಮೇಷ್ಟರನ್ನು ಹಿಡಿದುಕೊಂಡೆ. ನನ್ನ ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಆಟ ಮುಂದುವರಿಯಲಿ ಎಂದೆ. "ಏಳನೇ ನಿಯಮದಲ್ಲಿ ವಾಪಸ್ ತಗೊಳ್ಳೋಕೆ ಅವಕಾಶ ಇಲ್ಲವಲ್ಲಪ್ಪಾ. ಕಾರಣ ಕೇಳಬಾರದು ಅಂತ ನೀವೇ ಬರೆದಿದ್ದೀರಿ" ಎಂದು ಅವರು ಬಸ್ಸಿನ ಕಡೆ ನಡೆದರು. ಮುಂದಿನ ಯುಗಾದಿಯ ಸಭೆಯಲ್ಲಿ ಆ ಸಾಲನ್ನು ನಾನೇ ಹೊಡೆದುಹಾಕಿಸಿದೆ. ದೂರು ಕೊಡುವವನು ಮೊದಲು ಎದುರಾಳಿಯ ಮನೆಗೆ ಹೋಗಿ ವಿಚಾರಿಸತಕ್ಕದ್ದು, ಕಾಯಿಲೆ, ಸಾವು, ಕೆಲಸದ ತೊಂದರೆ ಇದ್ದರೆ ದಿನ ಎಣಿಸತಕ್ಕದ್ದಲ್ಲ ಎಂದು ಸೇರಿಸಿದೆವು. ಆಮೇಲೂ ಆಟ ಎಳೆದಾಡುವವರು ಇದ್ದರು, ಅವರಲ್ಲಿ ಇಬ್ಬರು ಈ ನಿಯಮದಿಂದಲೇ ಸೋತರು. ಒಳ್ಳೆಯ ನಿಯಮವೇ ಅದು. ಆದರೆ ಆ ಗುರುವಾರದ ಮಟ್ಟಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಆ ದಿನ ಎದುರಾಳಿ ನನ್ನ ಜೊತೆ ಸ್ಟೇಷನ್ನಿನ ತನಕ ಬಂದರು. ಕರೆಯದೆಯೇ ಬಂದರು, ಅದು ಅವರ ದೊಡ್ಡತನ. ರೈಲಿಗೆ ಹೊತ್ತಿತ್ತು. ಬೆಂಚಿನ ಮೇಲೆ ಕೂತೆವು. ಕ್ಷಮಿಸಿ ಎಂದೆ. ಪರವಾಗಿಲ್ಲ ಎಂದರು. ಆ ಪಾಯಿಂಟು ನನಗೆ ಬೇಡ ಎಂದೆ.

"ಅದು ನಿಮ್ದೇ ಸಾರ್. ಇನ್ನು ನಾಲ್ಕು ನಡೆಗೆ ನಾನು ಸೋಲ್ತಿದ್ದೆ. ಚೆನ್ನಾಗಿ ಆಡಿದ್ರಿ" ಎಂದರು. ಆಮೇಲೆ ಹೇಳಿದರು, ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ. "ಹದಿನೆಂಟು ವರ್ಷ ಸಾರ್. ದಿನಾ ಗೇಟಲ್ಲಿ ಬಾಯಿ ತೆಗೀತೀನಿ. ನಾಲಗೆ ಎತ್ತು ಅಂತಾರೆ, ಎತ್ತುತೀನಿ. ತಲೆಕೂದಲಲ್ಲಿ ಕೈ ಆಡಿಸ್ತಾರೆ. ನಂಗೆ ಬೇಜಾರಿಲ್ಲ. ಅನುಮಾನ ಪಡೋಕೇ ಅವರಿಗೆ ಸಂಬಳ ಕೊಡ್ತಾರೆ. ನಿಮಗೆ ಯಾರು ಕೊಟ್ರು ಸಾರ್?"

ರೈಲು ಬಂತು. ಅವರು ನನ್ನ ಹಲಗೆಯನ್ನು ಕಿಟಕಿಯಿಂದ ಒಳಗೆ ಕೊಟ್ಟು ಲೈನಿನ ಕಡೆ ಹೊರಟುಹೋದರು.

ಮನೆಗೆ ಬಂದವನೇ ಹೊಸ ಆಟದ ಮೊದಲ ನಡೆ ಬರೆದೆ. ಸದಸ್ಯ ಸಂಖ್ಯೆಯ ಜಾಗದಲ್ಲಿ ನನ್ನ ಪೂರ್ತಿ ಹೆಸರು ಬರೆದು ಅವರ ವಿಳಾಸಕ್ಕೆ ಕಾರ್ಡು ಹಾಕಿದೆ. ಒಂದು ವಾರವಾಯಿತು, ಒಂದು ತಿಂಗಳಾಯಿತು, ಉತ್ತರ ಬರಲಿಲ್ಲ. ಟಪಾಲಿನವನನ್ನು ನಾನು ಕೇಳಲಿಲ್ಲ, ಪೋಸ್ಟಾಫೀಸಿನ ಕಿಟಕಿಗೂ ಹೋಗಲಿಲ್ಲ. ಆ ಕಾರ್ಡು ಅವರಿಗೆ ತಲುಪಿದೆ ಎಂಬುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ.